ನಿಟ್ಟೂರಿನ ಒರತೆಗೆ ಇಳಿಸಿದ ಕೋಲು

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ತಾಳಗುಪ್ಪದ ರೈಲಿನಿಂದ ಸಾಗರದಲ್ಲಿ ಇಳಿದವನೇ ತಬ್ಬಿಬ್ಬಾದೆ. ಯಾವ ಗಿಡ ಎಲ್ಲಿ ಅಂತರ್ಜಲ ಹೀರುತ್ತಿದೆ ಎಂದು ನಕ್ಷೆಯಲ್ಲಿ ಗುರುತಿಸುವುದು ನನ್ನ ಕೆಲಸ. ನಮ್ಮ ಚಳ್ಳಕೆರೆ ಕಡೆ ಅದು ಸುಲಭ. ಬೇಸಿಗೆಯಲ್ಲಿ ಸುತ್ತಲೂ ಒಣಗಿ ಬಳ್ಳಾರಿ ಜಾಲಿಯೊಂದೇ ಹಸಿರಾಗಿದ್ದರೆ ಅಲ್ಲಿಗೆ ಕೆಂಪು ಬಳಿದರಾಯಿತು. ಇಲ್ಲಿ ಬೇಸಿಗೆಯಲ್ಲೂ ಎಲ್ಲೆಲ್ಲೂ ಹಸಿರು; ಹಾಗೆ ಬಳಿಯಲು ಹೊರಟರೆ ತಾಲ್ಲೂಕಿಗೆ ತಾಲ್ಲೂಕೇ ಕೆಂಪಾದೀತು!

ಹೊಸನಗರದ ಮೇಲೆ ಬಸ್ಸು ಹಿಡಿದು ನಿಟ್ಟೂರು ಮುಟ್ಟುವಾಗ ಎರಡೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು. ರಸ್ತೆ ಬದಿಯ ಪುಟ್ಟ ಹೋಟೆಲಿನ ಸಾವಿತ್ರಮ್ಮ ಬಾಗಿಲು ಎಳೆಯುತ್ತಿದ್ದರು.

"ಅನ್ನ ಇದೆ ಸಾರ್, ನೀರಿಲ್ಲ. ಮಧ್ಯಾಹ್ನ ಆಯ್ತು ಅಂದ್ರೆ ಪೈಪು ನಿಂತ್ಬಿಡ್ತದೆ. ಹೀಗಾದ್ರೆ ಬರೋ ತಿಂಗಳು ಹೋಟ್ಲು ಮುಚ್ಚೋದೇ."

ಆದರೂ ಬಾಳೆಲೆ ಹಾಸಿ ಅನ್ನ, ಸಾರು, ಮಿಡಿ ಉಪ್ಪಿನಕಾಯಿ ಬಡಿಸಿದರು. ನೀರು ಬರುವುದು ಹಿಂದಿನ ಗುಡ್ಡದ ಒರತೆಯಿಂದ. ಅದು ಉಳಿಯಲೆಂದೇ ಅವರು ಎಂಟು ವರ್ಷದ ಹಿಂದೆ ಸುತ್ತ ಅಕೇಶಿಯಾ ನೆಟ್ಟಿದ್ದರು.

"ಮರ ಇದ್ದಲ್ಲಿ ನೀರು ಅಂತಾರಲ್ಲ ಸಾರ್!"

ನನಗೆ ಅನುಮಾನ ಬಂತು. ಒಂದು ದಿನ ಹೋಟೆಲ್ ಮುಚ್ಚಿ ಎಂದು ಬೇಡಿಕೊಂಡೆ. ಗೊಣಗುತ್ತಲೇ ಒಪ್ಪಿದರು. ಮರುದಿನ ಬೆಳಿಗ್ಗೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಗೆರೆ ಕೊರೆದ ಕೋಲನ್ನು ಒರತೆಯ ಗುಂಡಿಗೆ ಇಳಿಸಿದೆ. ಸಂಜೆಯ ಹೊತ್ತಿಗೆ ಯಾರೂ ಮುಟ್ಟದ ನೀರು ನಾಲ್ಕು ಬೆರಳು ಇಳಿದು ಪೈಪಿನ ಬಾಯಿಗಿಂತ ಕೆಳಗೆ ಹೋಗಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಮತ್ತೆ ಹಳೆಯ ಗೆರೆಗೆ ಬಂದಿತ್ತು.

"ಬಿಸಿಲಿರುವಾಗ ಮರ ಕುಡಿಯುತ್ತವೆ. ರಾತ್ರಿ ಸುಮ್ಮನಿರುತ್ತವೆ," ಎಂದೆ.

ಸಾವಿತ್ರಮ್ಮ ಸೊಂಪಾಗಿ ಬೆಳೆದ ಮರಗಳತ್ತ ನೋಡಿದರು. "ಹಾವಿಗೆ ಹಾಲೆರೆದ ಹಾಗಾಯ್ತಲ್ಲ. ಮೊದಲೆರಡು ಬೇಸಿಗೆ ಇವಕ್ಕೆ ಕೊಡ ಹೊತ್ತು ನೀರು ಹಾಕಿದೀನಿ ಸಾರ್."

ನನಗೆ ಸಂಕಟವಾಯಿತು. ಹೇಳದಿದ್ದರೇ ಚೆನ್ನಾಗಿತ್ತೇನೋ ಅನ್ನಿಸಿತು. ಅವರೇ ಸೆರಗು ಸಿಕ್ಕಿಸಿಕೊಂಡು, "ಯಾವ್ದು ಮೊದಲು ಕಡೀಬೇಕು, ತೋರ್ಸಿ" ಎಂದರು. ಗುಂಡಿಗೆ ಆತುಕೊಂಡಿದ್ದ ಏಳು ಮರಗಳಿಗೆ ಸುಣ್ಣದ ಗುರುತು ಹಾಕಿದೆ. ಅಲ್ಲಿ ಮೊದಲಿಂದಲೂ ಇದ್ದ ಹೊನ್ನೆ, ನೇರಳೆಗಳನ್ನು ಮುಟ್ಟಬೇಡಿ ಎಂದೆ.

ಅಲ್ಲಿಂದ ತೀರ್ಥಹಳ್ಳಿಗೆ ಹೋಗಿ ಅರಳಸುರಳಿ ಸುತ್ತಿನಲ್ಲಿ ಒಂದು ವಾರ ಕೋಲು ಹಿಡಿದು ಅಲೆದೆ. ಸೆಕೆ ವಿಪರೀತ, ಊಟ ಸೊಗಸು. ಊರಿಗೆ ಹೊರಟು ಶಿವಮೊಗ್ಗದ ಬಸ್ಸು ಹತ್ತಿ ಕೂತಾಗ ಸಾವಿತ್ರಮ್ಮನ ಫೋನು ಬಂತು.

"ಮರ ಕಡಿಸ್ದೆ ಸಾರ್. ಇವತ್ತೂ ಎರಡೂವರೆಗೇ ಹೋಟ್ಲು ಮುಚ್ದೆ."

ಗಾಬರಿಯಿಂದ ಕೇಳಿದೆ: "ನೀರು ಬರಲಿಲ್ಲವಾ?"

"ನೀರು ಧಾರಾಳ ಬರ್ತಿದೆ. ಅನ್ನ ಖಾಲಿ ಆಯ್ತು!"