ಹುಚ್ಚು ಕೋಳಿಯ ಒಂದನೇ ಭಾಗ

ಗಂಗಾವತಿ ಬಸ್ ಸ್ಟ್ಯಾಂಡಿನ ಹಿಂದೆ ಗೋವಿಂದರಾಜನ ವಿಡಿಯೊ ಗೇಮ್ ಅಂಗಡಿ. ಅಂಗಡಿ ಅಂದರೆ ಏನು ಮಹಾ, ಎರಡು ಟಿವಿ, ಒಂದು ಚಾಪೆ, ಕರೆಂಟು ಹೋದರೆ ಬೀಸಿಕೊಳ್ಳಲು ರಟ್ಟಿನ ತುಂಡು. ಹಿಂದೆ ಅಲ್ಲಿ ಅವನ ಅಪ್ಪ ಭತ್ತದ ಚೀಲ ಮಾರುತ್ತಿದ್ದ; ಮಳೆಗಾಲದಲ್ಲಿ ಗೋಡೆಯಿಂದ ಈಗಲೂ ಸೆಣಬಿನ ವಾಸನೆ ಬರುತ್ತಿತ್ತು. ಗೋವಿಂದರಾಜ ಪಾಪ, ಒಳ್ಳೆಯ ಮನುಷ್ಯ. ಆದರೆ ಕಷ್ಟದ ಮಾತು ಆಡಬೇಕಾದಾಗ ನಾಲಿಗೆ ನುಂಗಿಕೊಳ್ಳುವವ. ಸಣ್ಣವನಿದ್ದಾಗ ಚಪ್ಪಲಿ ಕಳೆದುಕೊಂಡರೂ ಹೇಳದೆ ವಾರಗಟ್ಟಲೆ ಬರಿಗಾಲಲ್ಲಿ ಶಾಲೆಗೆ ಹೋಗಿದ್ದ.

ಅದೇ ಗುಣ ಕಡೆಗೆ ಅವನಿಗೆ ಮುಳುವಾಯಿತು. ಕೊಪ್ಪಳದಾಚೆಯ ಕುಕನೂರಿಗೆ ಕೊಟ್ಟ ತಂಗಿ ಭವಾನಿ ಅವನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ತಾಯಿ ಗುರುಲಿಂಗಮ್ಮ ಹಾಸಿಗೆ ಹಿಡಿದಾಗ ಭವಾನಿಗೆ ದಿನ ತುಂಬುತ್ತಾ ಬಂದಿದ್ದವು. ಹೊಟ್ಟೆಯಲ್ಲಿ ಕೂಸಿರುವವಳಿಗೆ ಕಾಯಿಲೆಯ ಸುದ್ದಿ, ಸಾವಿನ ಸುದ್ದಿ ಮುಟ್ಟಿಸಬಾರದು ಅಂತ ಓಣಿಯ ಹಿರಿಯರು ಹೇಳಿದರು. ಇವನು ಹೂಂ ಅಂದ. ಹೆರಿಗೆಯಾದ ಮೇಲೆ ಹೇಳಿದರು. ಅಷ್ಟರಲ್ಲಿ ತಾಯಿ ಮಣ್ಣಾಗಿ ತಿಂಗಳಾಗಿತ್ತು. ಮುಂದಿನ ನಾಗರ ಪಂಚಮಿಗೆ ತವರಿಗೆ ಕರೆಯಲು ಹೋದ ಅಣ್ಣನನ್ನು ಭವಾನಿ ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದಳು. ಅವಳ ಬಾಯಿಂದ ಒಂದು ಮಾತು ಕೇಳಬೇಕು ಅನ್ನುವುದೊಂದೇ ಅವನ ಹಂಬಲವಾಗಿ ಉಳಿಯಿತು.

ಆಟದ ವಿಷಯವನ್ನೂ ಹೇಳಬೇಕು, ಯಾಕೆಂದರೆ ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಅದೊಂದನ್ನೇ. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಬಾರದೆ ಎಲ್ಲರೂ ಅದನ್ನು ಹುಚ್ಚು ಕೋಳಿ ಅನ್ನುತ್ತಿದ್ದರು. ಒಂದನೇ ಭಾಗದಲ್ಲಿ ನಾಲ್ಕು ಜನಕ್ಕೆ ಒಂದೇ ರಿಮೋಟು. ಟಿವಿಯೊಳಗಿನ ಕೋಳಿ ಕೂಗಿದ ಕೂಡಲೇ ರಿಮೋಟನ್ನು ಪಕ್ಕದವರಿಗೆ ದಾಟಿಸಬೇಕು. ತಡವಾದರೆ ತತ್ತಿ ಢಂ ಅಂತ ಒಡೆದು, ಸೋತವರ ಕೋಳಿ ಪುಕ್ಕ ಉದುರಿಸಿಕೊಂಡು, ಬೋಳು ಮೈಯಲ್ಲಿ ಕತ್ತೆಯ ಹಾಗೆ ಅರಚುತ್ತಾ ಓಡುತ್ತಿತ್ತು. ಗುರುಲಿಂಗಮ್ಮ ಮಗನಿಗೆ ರೊಟ್ಟಿ ತಂದಾಗಲೆಲ್ಲ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆಮೇಲೆ ಎರಡನೇ ಭಾಗ ಬಂತು. ಚಿತ್ರ ಚೆಂದ, ಬಣ್ಣ ಚೆಂದ, ಒಬ್ಬೊಬ್ಬರಿಗೂ ಬೇರೆ ಬೇರೆ ರಿಮೋಟು. ಮೂರನೆಯದರಲ್ಲಿ ಕೋಳಿಗಳೇ ಇಂಗ್ಲಿಷಿನಲ್ಲಿ ಜೋಕು ಹೇಳುತ್ತಿದ್ದವು.

ಪಕ್ಕದ ಬಳೆ ಅಂಗಡಿಯ ಮಕ್ಬುಲಸಾಬ ಎರಡನೆಯದರ ಕಡೆ.

"ಅದ ಖರೆ ಆಟ ನೋಡ್ರಿ. ಯಾರ ಬೆವರಗೈನೂ ಮುಟ್ಟೂದಿಲ್ಲ, ಯಾರ ಜೋಡಿನೂ ತಂಟೆ ಇಲ್ಲ."

"ಒಂದನೇದಕ್ಕ ಮಂದಿ ನಗತಾರ, ಸಾಬ್ರ. ಎರಡನೇದಕ್ಕ ಟಿವಿ ಅಷ್ಟ ನಗತೈತಿ," ಅನ್ನುತ್ತಿದ್ದ ಗೋವಿಂದರಾಜ.

"ಮತ್ತ ಮೂರನೇದು?"

"ಅದು ತಾನ ಹೇಳಿ ತಾನ ನಗತೈತಿ, ನಮ್ಮ ಮಾವನ ಹಂಗ."

ಆ ವರ್ಷದ ಪಂಚಮಿಗೆ ಹೆಂಡತಿ ಪಂಪಮ್ಮನೇ ಕುಕನೂರಿಗೆ ಹೋಗಿ ಭವಾನಿಯನ್ನು, ಮೂರು ವರ್ಷದ ದೀಪಿಕಾಳನ್ನು ಕರೆತಂದಳು. ಭವಾನಿ ಬಂದಳು, ಉಂಡಿ ಕಟ್ಟಿದಳು, ಜೋಕಾಲಿಯಲ್ಲಿ ಮಗಳನ್ನು ತೂಗಿದಳು. ಅಣ್ಣನ ಕಡೆ ಮಾತ್ರ ಮುಖ ಎತ್ತಲಿಲ್ಲ. ನಮ್ಮ ಕಡೆ ಉಪ್ಪನ್ನು ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ ಅಂತ ನೆಲಕ್ಕಿಡುತ್ತಾರೆ. ಗೋವಿಂದರಾಜನ ಪಾಲಿಗೆ ಎಲ್ಲವೂ ಉಪ್ಪಾಯಿತು. ನೀರಿನ ಚೊಂಬು, ಉಂಡಿಯ ತಟ್ಟೆ, ಎಲ್ಲವನ್ನೂ ಅವಳು ಅವನ ಮುಂದೆ ನೆಲಕ್ಕಿಟ್ಟು ಹೋಗುತ್ತಿದ್ದಳು.

ಹಬ್ಬದ ಮಧ್ಯಾಹ್ನ ಜಿಟಿಜಿಟಿ ಮಳೆ. ಮಗಳು ಸಹನಾ ಹಟ ಹಿಡಿದಳೆಂದು ಗೋವಿಂದರಾಜ ಅಂಗಡಿಯಿಂದ ಆಟದ ಪೆಟ್ಟಿಗೆಯನ್ನು ಮನೆಗೆ ತಂದ.

"ಅಪ್ಪಾ, ಎರಡನೇದ ಹಾಕು. ಭವಾನಿ ಅತ್ತೆಗೆ ಹಳೇದ್ಯಾಕ?"

ಅವನು ಕೇಳಿಸದವನಂತೆ ಒಂದನೇ ಭಾಗವನ್ನೇ ಹಾಕಿದ. ಸಹನಾ, ಪಂಪಮ್ಮ, ತಾನು, ತನ್ನ ಪಕ್ಕಕ್ಕೆ ಭವಾನಿ ಬರುವ ಹಾಗೆ ಚಾಪೆ ಹಾಸಿದ.

"ನಾ ಒಲ್ಲೆ, ವೈನಿ," ಅಂದಳು ಭವಾನಿ ಅತ್ತಿಗೆಗೆ.

"ಕೂಡ್ರವಾ, ಹಬ್ಬದಾಗ ಕೂಸಿನ ಮಾತು ತಗದ ಹಾಕಬ್ಯಾಡ," ಅಂತ ಪಂಪಮ್ಮ ಕೈ ಹಿಡಿದು ಕೂರಿಸಿದಳು.

ಕೋಳಿ ಕೂಗಿತು. ರೂಢಿಯಾಗಿತ್ತಲ್ಲ, ಗೋವಿಂದರಾಜ ರಿಮೋಟನ್ನು ತಂಗಿಯ ಮುಂದೆ ನೆಲಕ್ಕಿಟ್ಟ. ಅವಳು ಎತ್ತಿಕೊಳ್ಳುವಷ್ಟರಲ್ಲಿ ತತ್ತಿ ಒಡೆಯಿತು.

"ಹಿಂಗ ಇಟ್ರ ಹೆಂಗಪ್ಪಾ! ಕೈಯಾಗ ಕೊಡಬೇಕು," ಅಂತ ಸಹನಾ ಬೈದಳು.

ಮತ್ತೆ ಕೂಗಿತು. ಈ ಸಲ ಅವನು ಕೈ ಚಾಚಿ ಹಿಡಿದ. ಭವಾನಿ ಅಲುಗಲಿಲ್ಲ.

"ಕೆಳಗ ಇಡು," ಅಂದಳು.

ಮೂರು ವರ್ಷಕ್ಕೆ ಅದು ಮೊದಲ ಮಾತು. ಅವನು ಇಡಲಿಲ್ಲ, ಹಾಗೇ ಹಿಡಿದುಕೊಂಡು ಕೂತ. ತತ್ತಿ ಅವನ ಕೈಯಲ್ಲೇ ಒಡೆಯಿತು. ಅವನ ಕೋಳಿ ಬೋಳಾಗಿ ಅರಚುತ್ತಾ ಓಡಿತು. ಭವಾನಿಗೆ ತಡೆಯಲಾಗಲಿಲ್ಲ, ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು, ಥೇಟ್ ತಾಯಿಯ ಹಾಗೆ. ನಗು ನಿಂತಿತು, ಕಣ್ಣೊರೆಸುವುದು ನಿಲ್ಲಲಿಲ್ಲ.

"ಅವ್ವ ನನ್ನ ಕೇಳಿದ್ಲೇನು?"

ಪಂಪಮ್ಮ ಟಿವಿಯ ಸದ್ದು ಇಳಿಸಿದಳು.

"ಕೇಳಿದ್ಲು," ಅಂದ ಗೋವಿಂದರಾಜ.

"ಏನಂತ?"

"ಭವಾನಿ ಎಲ್ಲಿಗೆ ಬಂದಾಳ ಅಂತ."

"ನೀ ಏನಂದಿ?"

ಅವನು ರಿಮೋಟನ್ನೇ ನೋಡುತ್ತಾ ಇದ್ದ. ಇಷ್ಟು ವರ್ಷ ಹೆಂಡತಿಗೂ ಹೇಳಿರದ ಮಾತು.

"ಕೊಪ್ಪಳ ದಾಟ್ಯಾಳ ಅಂದೆ."

ಭವಾನಿ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಗೆ ಬಿಡಲು ಹೋದಾಗ ಅವನು ಕಿಟಕಿಯಿಂದ ಉಂಡಿಯ ಚೀಲ ಚಾಚಿದ. ಅದನ್ನು ದೀಪಿಕಾ ಎಳೆದುಕೊಂಡಳು. ಭವಾನಿ ಎದುರಿನ ಸೀಟನ್ನೇ ನೋಡುತ್ತಿದ್ದಳು. ಬಸ್ಸು ಹೊರಟಿತು.

ಅಂಗಡಿಯಲ್ಲಿ ಮಕ್ಬುಲಸಾಬ ಕಾಯುತ್ತಾ ಕೂತಿದ್ದ. "ಎರಡನೇದ ಹಚ್ರಿ, ಗೋವಿಂದಣ್ಣ." ಹಚ್ಚಿದ. ಇಬ್ಬರೂ ಚಾಪೆಯ ಎರಡು ತುದಿಗೆ ಕೂತು ಆಡಿದರು. ಟಿವಿ ಒಂದೇ ನಗುತ್ತಿತ್ತು.

ಫೋನು ಬಡಿದುಕೊಂಡಿತು. ಭವಾನಿಯ ನಂಬರು. ಬಸ್ಸಿನ ಗದ್ದಲದ ನಡುವೆ ತಂಗಿಯ ದನಿ ಒಣಗಿತ್ತು.

"ಕೊಪ್ಪಳ ದಾಟೀನಿ," ಅಂದಳು. ಅಷ್ಟೇ ಅಂದು ಇಟ್ಟಳು.

ಗೋವಿಂದರಾಜ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಟಿವಿಯಲ್ಲಿ ಅವನ ಕೋಳಿ ಬೋಳಾಗಿ ಓಡುತ್ತಿತ್ತು.