ಬಾಗಿಲ ಚೀಟಿಯ ಆರ್ವಿಲ್

ಮೊಂಟಾನಾದ ಹೆದ್ದಾರಿ ಪಕ್ಕ ಹಳೆಯ ಕ್ಯಾಂಪರ್ ಮಾರುವ ಆರ್ವಿಲ್ ಹಾಗನ್‌ಗೆ ಗಿರಾಕಿಯನ್ನು ಕಂಡರೇ ಮೈಯೆಲ್ಲ ಉರಿ. ಕ್ಯಾಂಪರ್ ಅಂದರೆ ಪಿಕಪ್ಪಿನ ಬೆನ್ನ ಮೇಲೆ ಕೂರುವ ಪುಟ್ಟ ಮನೆ. ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಅದರೊಳಗೇ. ಬಂದವರು ಆರಿಸುವುದು ಅರಮನೆಯಂಥದ್ದನ್ನು, ತಂದಿರುವುದು ಅಪ್ಪನ ಕಾಲದ ಪಿಕಪ್ಪನ್ನು. ಆರ್ವಿಲ್ ಸೀದಾ ಹೋಗಿ ಗಾಡಿಯ ಬಾಗಿಲು ತೆಗೆದು, ಗಾಡಿ ಎಷ್ಟು ಭಾರ ತಡೆಯುತ್ತದೆಂದು ಬರೆದು ಬಾಗಿಲಂಚಿಗೆ ಅಂಟಿಸಿರುವ ಚೀಟಿಯ ಕೊಳೆ ಒರೆಸಿ ಓದುತ್ತಾನೆ. "ಮುದಿ ಕತ್ತೆ ಮೇಲೆ ಆನೆ ಕೂರಿಸ್ತೀಯಾ?" "ಕಂಪನಿಯವರು ಕ್ಯಾಂಪರ್ ತೂಕ ಕಮ್ಮೀನೇ ಹೇಳಿದಾರಲ್ಲ, ಯಜಮಾನ್ರೇ." "ಅದು ಖಾಲಿ ತೂಕ ಕಣಯ್ಯ. ನೀನು ನೀರು ಕುಡಿಯಲ್ವಾ? ಹೆಂಡ್ತಿ ಹಿಂದಿಂದೆ ಓಡ್ಕೊಂಡು ಬರ್ತಾಳಾ?" ಭಾರ ತಡೆಯಲು ಗಾಡಿಗೆ ದಪ್ಪ ಸ್ಪ್ರಿಂಗ್ ಹಾಕಿಸುತ್ತೇನೆ ಎಂದರಂತೂ ಮುಗಿಯಿತು. "ಸ್ಪ್ರಿಂಗ್ ಹಾಕಿದ್ರೆ ಬ್ರೇಕಿಗೆ ಬಲ ಬರುತ್ತಾ?" ಎಂದು ಗೇಟಿನವರೆಗೂ ಬೈದುಕೊಂಡೇ ಹೋಗುತ್ತಾನೆ. ಚರ್ಚಿನ ಊಟಕ್ಕೆ ಹೋದರೂ ಕುರ್ಚಿ ಮಗುಚಿ ಭಾರದ ಚೀಟಿ ಹುಡುಕುತ್ತಾನೆಂದು ಊರವರ ಗೇಲಿ. ಅಂಗಡಿಯ ಹಿಂದೆ ಅವನದೇ ಕ್ಯಾಂಪರ್ ಗಾಡಿಯಿಂದಿಳಿದು ತನ್ನ ನಾಲ್ಕು ಕಬ್ಬಿಣದ ಕಾಲೂರಿ ನಿಂತಿದೆ, ಪಕ್ಕದಲ್ಲಿ ಅವನ ಹಳೆ ಪಿಕಪ್ ಬರಿಬೆನ್ನಲ್ಲಿ ತುಕ್ಕು ಹಿಡಿಯುತ್ತಿದೆ. ಎಲ್ಲಾದರೂ ಹೋಗಿ ಬರಬಾರದೇ ಎಂದು ಯಾರಾದರೂ ಕೇಳಿದರೆ, "ಭಾರ ಜಾಸ್ತಿ," ಎಂದು ಸಿಡುಕುತ್ತಾನೆ. ಆ ಭಾರ, ತೀರಿಕೊಂಡ ಹೆಂಡತಿ ವರ್ನಾ ಹೋದ ಹೋದ ಹೊಳೆದಂಡೆಯಲ್ಲಿ ಆರಿಸಿ ಒಳಗೆ ತುಂಬಿದ ಕಲ್ಲುಗಳದ್ದು. ಅವಳಿದ್ದಾಗ ಅವಳ ಕಣ್ಣು ತಪ್ಪಿಸಿ ಒಂದೊಂದನ್ನೇ ದಾರಿಯಲ್ಲಿ ಎಸೆಯುತ್ತಿದ್ದವನು, ಈಗ ಒಂದನ್ನೂ ಇಳಿಸಲೊಲ್ಲ.