ಒಂದು ಕಾಳು ಹಾಕಿದರೆ ನೋಡಿ!

ಕತ್ತರಿಯಕ್ಕನಿಗೆ ಕೋಪ ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬರುವುದಕ್ಕೆ ಅದು ಎಲ್ಲಿಗಾದರೂ ಹೋಗಿದ್ದರೆ ತಾನೆ? ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೀರಿನ ಮೀಟರುಗಳ ಪಕ್ಕದ ಸಂದಿಯಲ್ಲಿ ಅವಳ ಹೊಲಿಗೆ ಮೆಷಿನ್. ಎದುರಿಗಿನ ಬಾಗಿಲೇ ಅವಳ ಮನೆ. ಜಿಪ್ಪು ಬದಲಿಸುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ದಪ್ಪಗಾದವರ ಅಂಗಿ ಬಿಚ್ಚಿ ಅಗಲ ಮಾಡುವುದು, ಇಷ್ಟೇ ಕೆಲಸ. ಹೊಸ ಬಟ್ಟೆ ಹೊಲಿಯುವುದಿಲ್ಲ. "ಯಾಕಕ್ಕಾ?" ಎಂದು ಯಾರಾದರೂ ಕೇಳಿದರೋ, ಅವರ ಗತಿ ಮುಗಿಯಿತು. "ಯಾಕೆ ಗೀಕೆ ಎಲ್ಲ ಇಲ್ಲಿಲ್ಲ. ಆಗುತ್ತೆ, ಆಗಲ್ಲ, ಎರಡೇ ಮಾತು. ಬಟ್ಟೆ ಇಟ್ಟು ಹೋಗಿ" ಎನ್ನುವಳು. ಕತ್ತರಿ ಬಟ್ಟೆಯ ಮೇಲೆ ಆಡಿದಷ್ಟೇ ಚೆನ್ನಾಗಿ ಮನುಷ್ಯರ ಮೇಲೂ ಆಡುತ್ತಿತ್ತು. ಹೆಸರು ಬಂದದ್ದೇ ಹಾಗೆ.

ಈ 'ಯಾಕೆ' ಎಂಬ ಮಾತಿನ ಮೇಲೆ ಅವಳಿಗೆ ಹಗೆ ಹುಟ್ಟಿದ್ದು ಬಟ್ಟೆ ಫ್ಯಾಕ್ಟರಿಯಲ್ಲಿ. ಮದುವೆಗೆ ಮುಂಚೆ ಅಲ್ಲಿ ಕಾಲರ್ ಹೊಲಿಯುತ್ತಿದ್ದಳು. ಮೆಷಿನ್ ಬಿಟ್ಟು ಎದ್ದರೆ ಸೂಪರ್‌ವೈಸರ್ ಸಾಲಿನ ತುದಿಯಿಂದಲೇ ಕೂಗುತ್ತಿದ್ದ: "ಯಾಕೆ?" ಬಚ್ಚಲಿಗೆ ಎಂದರೆ, "ಈಗ ತಾನೆ ಹೋಗಿದ್ದೆಯಲ್ಲ, ಮತ್ತೆ ಯಾಕೆ?" ತಿಂಗಳ ಆ ದಿನಗಳಲ್ಲಿ ಅಷ್ಟು ಗಂಡಸರ ಎದುರಿಗೆ ಅವಳು ಕಾರಣ ಹೇಳಬೇಕಿತ್ತು. ಬಾಯಿಬಿಟ್ಟು ಹೇಳಿದರೆ ನಗುತ್ತಿದ್ದರು, ಹೇಳದಿದ್ದರೆ ಕೂರಿಸುತ್ತಿದ್ದರು. ಅಮ್ಮ ತೀರಿಕೊಂಡ ಸುದ್ದಿ ಬಂದ ದಿನ ರಜೆ ಕೇಳಿದಾಗಲೂ ಆ ಮನುಷ್ಯ ಕೇಳಿದ್ದು ಒಂದೇ: "ಕಾಯಿಲೆ ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಅವಳು ಕತ್ತರಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದಳು. ಇನ್ನು ಈ ಜನ್ಮದಲ್ಲಿ ಯಾರಿಗೂ ಯಾವುದಕ್ಕೂ ಕಾರಣ ಹೇಳುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನ ಮಾಡಿಬಿಟ್ಟಳು.

ಹೇಳಲೂ ಇಲ್ಲ. ಗಂಡ ಬಸ್ ಡ್ರೈವರ್. ಬಸ್ಸಿನ ಹಾರನ್ ಬಿಟ್ಟರೆ ಜೀವನದಲ್ಲಿ ಬೇರೆ ಸದ್ದು ಮಾಡದ ಮನುಷ್ಯ. ಅವನು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಒಬ್ಬರು ಮಾತ್ರ ಆಗಾಗ ಕೇಳಿ ಬೈಸಿಕೊಳ್ಳುತ್ತಿದ್ದರು. ಅವರ ಕಾಲಿನ ಬೆರಳಲ್ಲಿ ಒಂದು ಹುಣ್ಣಾಗಿ ಮಾಯುತ್ತಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು. ಆಮೇಲೆ ಡಾಕ್ಟರು ಸೊಸೆಯನ್ನೊಬ್ಬಳನ್ನೇ ಒಳಗೆ ಕರೆದು ಇನ್ನೂ ಏನೋ ಹೇಳಿದರು. ಮನೆಗೆ ಬಂದವಳೇ ಸಿಹಿಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ತನ್ನ ಕತ್ತರಿಯ ಹಿಡಿಗೆ ಕಟ್ಟಿಕೊಂಡಳು. "ಇಷ್ಟೊಂದು ಯಾಕೇ?" ಎಂದರು ಅತ್ತೆ. "ಬೇಡ ಅಂದ್ರೆ ಬೇಡ" ಎಂದಳು. ದಿನಾ ಬೆಳಿಗ್ಗೆ ಅವಳೇ ಹುಣ್ಣು ತೊಳೆದು ಪಟ್ಟಿ ಕಟ್ಟುವಳು. ಸಕ್ಕರೆ ಮಾತ್ರ ಇಳಿಯಲೊಲ್ಲದು. ಒಂದು ಚಿಟಿಕೆ ಸಿಹಿ ಕೊಡದಿದ್ದರೂ ಇಳಿಯದು ಎಂದರೆ? ಔಷಧಿ ಬರೆದವರೆಲ್ಲ ಕಳ್ಳರು ಎಂದು ಹಿಡಿಶಾಪ ಹಾಕುವಳು.

ಕೋಳಿ ಬಂದದ್ದು ಇಂಥ ಮನೆಗೆ.

ಕಟ್ಟಡದ ಮುಂದಿನ ರಸ್ತೆ ಉಬ್ಬಿನಲ್ಲಿ ಕೋಳಿ ತುಂಬಿದ ವ್ಯಾನ್ ಎಗರಿತು. ಪಂಜರದ ಬಾಗಿಲು ಕಿತ್ತುಕೊಂಡು ಒಂದು ಕೋಳಿ ಕೆಳಗೆ ಬಿತ್ತು. ಡ್ರೈವರ್ ಇಳಿದು ಬಂದು ನೋಡಿದ, ಕಾಲಿನಿಂದ ಅದನ್ನು ಚರಂಡಿಯ ಕಡೆಗೆ ತಳ್ಳಿದ.

"ಏಯ್! ಕಾಲಲ್ಲಿ ಒದೀತೀಯಾ?" ಕತ್ತರಿಯಕ್ಕ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ರಸ್ತೆಗಿಳಿದಳು.

"ಮೊಟ್ಟೆ ಇಡೋದು ನಿಲ್ಲಿಸಿರೋ ಮಾಲು ಅಕ್ಕಾ. ಕಾಯಿಲೆ ಬೇರೆ. ಹೆಂಗಿದ್ರೂ ಸಾಯೋದೇ."

"ಮಾಲಾ? ಇಷ್ಟು ದಿನ ಅದರ ಹೊಟ್ಟೆ ಬಗೆದು ತಿಂದ್ರಲ್ಲೋ, ಆಗ ಕೋಳಿ ಆಗಿತ್ತು, ಈಗ ಮಾಲಾ? ನಿನಗೂ ವಯಸ್ಸಾಗುತ್ತೆ, ಆಗ ನಿನ್ನನ್ನೂ ಹೀಗೇ ಚರಂಡಿಗೆ ತಳ್ತಾರೆ, ನೋಡ್ತಿರು!" ಎಂದು ಶುರುಮಾಡಿದವಳು, ವ್ಯಾನ್ ತಿರುವಿನಲ್ಲಿ ಮರೆಯಾದ ಮೇಲೂ ನಿಲ್ಲಿಸಲಿಲ್ಲ. ಬೈಯುತ್ತಲೇ ಕೋಳಿಯನ್ನು ಎತ್ತಿಕೊಂಡಳು. ಅರ್ಧ ಮೈಯಲ್ಲಿ ಪುಕ್ಕವಿಲ್ಲ. ಕೊಕ್ಕಿನ ತುದಿಯನ್ನು ಯಾವಾಗಲೋ ಕತ್ತರಿಸಿದ್ದರು. ಕತ್ತಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿದರು. ತಿಂದ ಕಾಳು ಹೊಟ್ಟೆಗೆ ಇಳಿಯುವ ಮುಂಚೆ ತಂಗುವ ಚೀಲವಂತೆ ಅದು, ಕಟ್ಟಿಕೊಂಡುಬಿಟ್ಟಿದೆಯಂತೆ. "ಎಣ್ಣೆ ಹನಿಸಿ, ನೀರು ಕುಡಿಸಿ, ಮೆತ್ತಗೆ ನೀವಿ. ಅದು ಖಾಲಿಯಾಗೋವರೆಗೂ ಒಂದು ಕಾಳೂ ಬೀಳಬಾರದು. ಹಸಿವು ಅಂತ ಕೂಗುತ್ತೆ, ನೀವು ಕರಗಬೇಡಿ" ಎಂದರು.

"ನಾನಾ? ಕರಗೋದಾ?" ಎಂದು ಕತ್ತರಿಯಕ್ಕ ಮೂಗು ಮುರಿದಳು.

ಮನೆಗೆ ಬಂದು ಕೋಳಿಯನ್ನು ಮೆಷಿನ್ ಪಕ್ಕದ ಬಟ್ಟೆ ಬುಟ್ಟಿಯಲ್ಲಿ ಕೂರಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಕತ್ತರಿ ಎತ್ತಿ ಕಟ್ಟಡಕ್ಕೆಲ್ಲ ಕೇಳುವಂತೆ ಸಾರಿದಳು: "ಈ ಕೋಳಿಗೆ ಯಾರಾದ್ರೂ ಒಂದೇ ಒಂದು ಕಾಳು ಹಾಕಿದ್ರೆ ನೋಡಿ!"

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕಂಬಿಯ ಮೇಲಿಂದ ಬಗ್ಗಿದರು. "ಯಾಕಮ್ಮಾ? ಪಾಪ, ಬಾಯಿಲ್ಲದ್ದು..."

"ಕೋಳಿ ಕೇಳಿ ಮಸಾಲೆ ಅರೀತಾರಾ ಮೇಷ್ಟ್ರೇ? ಒಳಗೆ ಹೋಗಿ!"

ಮೇಷ್ಟ್ರು ಒಳಗೆ ಹೋದರು. ಹೋದವರು ಸುಮ್ಮನಿರಬೇಕಲ್ಲ! ಸಂಜೆಯೊಳಗೆ ಕಟ್ಟಡದಲ್ಲೆಲ್ಲ ಗುಸುಗುಸು ಹಬ್ಬಿತು. ಕೊಯ್ಯುವ ಮುಂಚೆ ಕೋಳಿಯ ಹೊಟ್ಟೆ ಖಾಲಿ ಮಾಡುತ್ತಾರಲ್ಲ, ಇದೂ ಅದೇ ಇರಬೇಕು ಎಂದರು. ಮಸಾಲೆ ಎಂಬ ಮಾತು ಅವಳ ಬಾಯಿಂದಲೇ ಬಂದಿದೆಯಲ್ಲ, ಇನ್ನೇನು ಬೇಕು ಸಾಕ್ಷಿ? ಅವಳನ್ನೇ ಹೋಗಿ ಕೇಳಬಹುದಿತ್ತು. ಕೇಳುವ ಗಂಡೆದೆ ಯಾರಿಗಿದೆ?

ಅವಳು ಮಾತ್ರ ದಿನಾ ಸಂಜೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೊಕ್ಕಿನೊಳಗೆ ಎಣ್ಣೆ ಹನಿಸಿ, ಹೆಬ್ಬೆರಳಿನಲ್ಲಿ ಗಂಟನ್ನು ನೀವುವಳು. ಮಲಗುವ ಹೊತ್ತಿಗೆ ಗಂಟು ಮೆತ್ತಗಾಗಿ ಸಣ್ಣದಾಗುತ್ತಿತ್ತು. ಬೆಳಿಗ್ಗೆ ಇನ್ನೂ ಇಳಿದಿರುತ್ತಿತ್ತು. ಸಂಜೆ ಮತ್ತೆ ನೋಡಿದರೆ ಕಲ್ಲು. "ಗಾಳಿ ತಿಂದು ಗಂಟು ಬೆಳೆಸ್ತೀಯೇನೇ, ದರಿದ್ರದ್ದೇ? ನನ್ನ ಹೊಟ್ಟೆ ಉರಿಸೋಕೇ ಬಂದೆಯಾ?" ಎಂದು ಬೈಯುತ್ತಲೇ ಅದರ ಬೋಳು ಬೆನ್ನಿಗೆ ಹಳೆ ಉಣ್ಣೆಯ ತುಂಡು ಹೊದಿಸುವಳು. ಕೋಳಿ ದಿನೇ ದಿನೇ ಇಳಿದುಹೋಗುತ್ತಿತ್ತು. ನಿಲ್ಲಿಸಿದರೆ ಕಾಲು ಮಡಚಿ ಕುಸಿಯುತ್ತಿತ್ತು. ಬೈದಷ್ಟೂ ಅವಳ ಮೊಣಕೈ ಸಂದಿಗೆ ತಲೆ ತೂರಿಸಿ ಕಣ್ಣು ಮುಚ್ಚುತ್ತಿತ್ತು. ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ಬೇರೆಯವರು ಅಳುತ್ತಾರೆ. ಅವಳು ಇನ್ನೊಬ್ಬರ ಮೇಲೆ ಎಗರಾಡುತ್ತಾಳೆ.

ಎಗರಾಡುವುದಕ್ಕೆ ಡಾಕ್ಟರಮ್ಮ ಸಿಕ್ಕರು. "ಏನು ಓದಿದೀರಿ ನೀವು? ನೀವು ಹೇಳಿದ್ದೆಲ್ಲ ಮಾಡಿದೀನಿ, ಇದು ಸಾಯ್ತಾ ಇದೆ!"

ಡಾಕ್ಟರಮ್ಮ ಗಂಟನ್ನು ಬೆರಳಿನಲ್ಲಿ ಹಿಸುಕಿದರು. "ಇದು ಹಳೇ ಕಾಳಲ್ಲ, ಹೊಸದು. ಯಾರೋ ತಿನ್ನಿಸ್ತಿದಾರೆ. ನಾಳೆ ಹೊತ್ತಿಗೆ ಇಳಿಯದಿದ್ರೆ ಕೊಯ್ದೇ ತೆಗೀಬೇಕು. ಈ ನಿತ್ರಾಣದಲ್ಲಿ ಬದುಕುತ್ತೆ ಅಂತ ನಾನು ಮಾತು ಕೊಡಲ್ಲ."

"ನನ್ನ ಮಾತು ಮೀರಿ ತಿನ್ನಿಸೋದಾ? ಯಾರಿಗಿದೆ ಅಷ್ಟು ಗುಂಡಿಗೆ?"

ಮರುದಿನ ಮಧ್ಯಾಹ್ನ, ದಾರದುಂಡೆ ತರುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟವಳು ಹಿಂದಿನ ಬಾಗಿಲಿನಿಂದ ಬಂದು, ಹೊಲಿಯಲು ಬಂದ ಕೋಟುಗಳು ನೇತಾಡುವ ಗೂಟದ ಹಿಂದೆ ನಿಂತಳು.

ಮೊದಲು ಕಟ್ಟಡದ ವಾಚ್‌ಮನ್ ಬಂದ. ಜೇಬಿನಿಂದ ಜೋಳದ ಕಾಳು ತೆಗೆದು ಸುರಿದು, ಬೆಕ್ಕಿನ ಹೆಜ್ಜೆಯಲ್ಲಿ ಹೋದ. ಆಮೇಲೆ ಮೇಷ್ಟ್ರು ಬಂದರು. ಕಡಲೆಕಾಯಿ ಬೀಜವನ್ನು ಒಂದೊಂದಾಗಿ ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ ಕೊಕ್ಕಿಗಿಟ್ಟರು. ಅವರ ಬೆನ್ನಿಗೇ, ಅಯ್ಯೋ, ಸಮವಸ್ತ್ರ ಹಾಕಿಕೊಂಡ ಸ್ವಂತ ಗಂಡ! ಬಸ್ಸು ಬಿಟ್ಟು, ಬ್ರೆಡ್ ಚೂರು ಹಿಡಿದು ಬಂದಿದ್ದಾನೆ. ಕೊನೆಗೆ ಕೋಲೂರಿಕೊಂಡು, ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತ ಅತ್ತೆ. ಮುಷ್ಟಿಯಲ್ಲಿ ಅನ್ನ.

"ತಿನ್ನೇ ನನ್ನವ್ವ" ಎಂದರು ಅತ್ತೆ, ಬುಟ್ಟಿಯ ಮುಂದೆ ಕಷ್ಟಪಟ್ಟು ಕೂತು. "ಅವಳು ಬರೋದ್ರೊಳಗೆ ತಿಂದ್ಬಿಡು. ನನ್ನ ಬಾಯಿಗೂ ಹೀಗೇ ಬೀಗ ಹಾಕಿದಾಳೆ. ಕೇಳಿದ್ರೆ ಹೇಳಲ್ಲ."

ಪಿತ್ತ ನೆತ್ತಿಗೇರುವುದು ಎಂದರೆ ಏನೆಂದು ಆ ಕಟ್ಟಡ ಅವತ್ತು ಕಂಡಿತು. ಕೋಟುಗಳು ಗೂಟದ ಸಮೇತ ಕೆಳಗೆ ಬಿದ್ದವು. "ಬೇಲಿನೇ ಎದ್ದು ಹೊಲ ಮೇಯ್ತಲ್ರೋ! ಬನ್ನಿ! ಎಲ್ರೂ ಬನ್ನಿ! ರೀ, ನೀವೂ ಬನ್ನಿ, ಬಸ್ಸಿಗೇನು ಕಾಲು ಬಂದಿಲ್ಲ!" ಎಂದು ಒಬ್ಬೊಬ್ಬರ ಬೆರಳನ್ನೂ ಹಿಡಿದೆಳೆದು ಕೋಳಿಯ ಗಂಟಿನ ಮೇಲೆ ಒತ್ತಿದಳು. "ಮುಟ್ಟಿ ನೋಡಿ! ನಿಮ್ಮ ಪುಣ್ಯ ಎಷ್ಟು ಗಟ್ಟಿಯಾಗಿದೆ ಅಂತ ನೋಡಿ! ಕೊಂದ್ರಲ್ಲ, ತಿನ್ನಿಸಿ ತಿನ್ನಿಸಿ ಕೊಂದ್ರಲ್ಲ!"

"ನೀನು ಕೊಯ್ಯೋಕೆ ಅಂತ ಉಪವಾಸ ಕೆಡವಿದೀಯ ಅಂದ್ಕೊಂಡ್ವಿ ಕಣಮ್ಮಾ" ಎಂದರು ಮೇಷ್ಟ್ರು.

"ಹಂಗಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ" ಎಂದ ಗಂಡ. ಅವನು ಬಾಯಿ ಬಿಟ್ಟದ್ದೇ ಎಲ್ಲರಿಗೂ ಆಶ್ಚರ್ಯ. "ಅದೇ ಕಣೇ. ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ."

ಜಗಳಕ್ಕೆ ಹೊತ್ತಿರಲಿಲ್ಲ. ಕೋಳಿ ಕೊಕ್ಕು ತೆರೆದು ಉಸಿರು ಎಳೆಯುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಗಂಡನೂ ಹತ್ತಿ ಕೂತ. ಡಿಪೋಗೆ ಏನು ಹೇಳಿದನೋ ದೇವರಿಗೇ ಗೊತ್ತು. ಡಾಕ್ಟರಮ್ಮ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚೀಲವನ್ನು ಕೊಯ್ದರು. ತಟ್ಟೆಗೆ ಬಿದ್ದದ್ದು ಜೋಳ, ಅನ್ನ, ಎರಡಾದ ಕಡಲೆಬೀಜ, ಮುದ್ದೆಗಟ್ಟಿದ ಬ್ರೆಡ್. ಗಂಡ ಆ ತಟ್ಟೆಯನ್ನೇ ನೋಡುತ್ತ ನಿಂತಿದ್ದ. ಅವಳು ನೋಡುತ್ತಿದ್ದುದು ಹೊಲಿಗೆಯನ್ನು.

"ಇದೇನು ಹೊಲಿಗೆ ಡಾಕ್ಟರಮ್ಮಾ? ಗೋಣಿಚೀಲಕ್ಕೂ ಇದಕ್ಕಿಂತ ನೀಟಾಗಿ ಹಾಕ್ತಾರೆ."

"ನಿಮ್ಮ ಬಾಯಿಗೂ ಒಂದು ಹಾಕ್ಲಾ? ರಾತ್ರಿ ಕಳೆದ್ರೆ ಬದುಕಿತು ಅಂತ ಲೆಕ್ಕ. ಒಂದು ಕಾಳು ಬಿದ್ರೂ ಹೊಲಿಗೆ ಬಿಚ್ಚುತ್ತೆ."

ಮನೆಗೆ ಬಂದಾಗ ಮೆಟ್ಟಿಲ ತುಂಬ ಜನ ನಿಂತಿದ್ದರು. ಕತ್ತರಿಯಕ್ಕ ಕೋಳಿಯನ್ನು ಎದೆಗವಚಿಕೊಂಡು ನಿಂತಳು. "ಇದಕ್ಕೆ ಯಾರೂ ಕಾಳು ಹಾಕಬೇಡಿ. ಯಾಕೆ ಅಂದ್ರೆ..." ಎಂದು ಶುರುಮಾಡಿ ನಿಂತುಬಿಟ್ಟಳು. ಫ್ಯಾಕ್ಟರಿ ಬಿಟ್ಟ ಮೇಲೆ ಆ ಎರಡು ಮಾತು ಅವಳ ನಾಲಗೆಯ ಮೇಲೆ ಬಂದಿರಲಿಲ್ಲ. ಸೂಪರ್‌ವೈಸರನ ಮುಖ ಕಣ್ಣಿಗೆ ಕಟ್ಟಿ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ, ಬೈಗುಳದಷ್ಟೇ ಗಟ್ಟಿಯಾಗಿ, ಚೀಲ, ಗಂಟು, ಹೊಲಿಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ಮೇಷ್ಟ್ರು ತಮ್ಮ ಜೇಬಿನ ಕಡಲೆಬೀಜವನ್ನು ವಾಚ್‌ಮನ್ ಕೈಗೆ ಕೊಟ್ಟು ಮೇಲೆ ಹತ್ತಿದರು.

ಒಳಗೆ ಅತ್ತೆ ಹಾಸಿಗೆಯ ಮೇಲೆ ಕೂತಿದ್ದರು. "ಕೋಳಿ ವಿಷಯ ಊರಿಗೆಲ್ಲ ಕೇಳೋ ಹಾಗೆ ಹೇಳಿದೆ. ನನಗೆ ಯಾವಾಗ ಹೇಳ್ತೀಯ?"

"ನಿಮಗೇನು ಹೇಳೋದು? ಸಕ್ಕರೆ ಕಾಯಿಲೆ, ಗೊತ್ತಲ್ಲ!"

"ಸಕ್ಕರೆ ಮೇಷ್ಟ್ರಿಗೂ ಇದೆ. ತಿಂದ್ಕೊಂಡು ಗುಂಡುಕಲ್ಲಿನ ಹಾಗಿದಾರೆ. ನನಗೊಬ್ಬಳಿಗೆ ಯಾಕೆ ಬೀಗ?"

"ಕಾಲು ತೆಗೀಬೇಕಾಗುತ್ತೆ ಅಂದ್ರು! ಸಕ್ಕರೆ ಇಳೀದಿದ್ರೆ ಹುಣ್ಣು ಮಾಯಲ್ಲ, ಪಾದದವರೆಗೂ ತೆಗೀಬೇಕು ಅಂದ್ರು! ಸಾಕಾ? ಕಾರಣ ಕಾರಣ ಅಂತ ಬಾಯಿ ಬಡ್ಕೊಳ್ತಿದ್ರಲ್ಲ, ತಗೊಳ್ಳಿ! ನಿಮ್ಮ ಮುಖ ನೋಡ್ಕೊಂಡು ಇದನ್ನ ಹೆಂಗೆ ಹೇಳ್ಲಿ ನಾನು?" ಕತ್ತರಿಯಕ್ಕ ಅಳುತ್ತಿದ್ದಳು, ಅಳುವುದಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು.

ಅತ್ತೆ ಪಟ್ಟಿ ಕಟ್ಟಿದ ಕಾಲನ್ನು ಒಮ್ಮೆ ಸವರಿಕೊಂಡರು. ಆಮೇಲೆ ದಿಂಬಿನ ಕೆಳಗೆ ಕೈ ಹಾಕಿದರು. ಒಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಹೊರಬಂತು. ಚಹಾ ಅಂಗಡಿಯ ಸಕ್ಕರೆ ಪೊಟ್ಟಣಗಳು ಬಂದವು. ಕೊನೆಗೆ ಕೆಂಪು ಕಾಗದದ ಚಾಕೊಲೇಟುಗಳು. ಅವು ಬಸ್ ಡಿಪೋದ ಕ್ಯಾಂಟೀನಿನಲ್ಲಿ ಮಾತ್ರ ಸಿಗುವಂಥವು. ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ.

ಇವನ್ನೆಲ್ಲ ತಂದುಕೊಟ್ಟದ್ದೂ ಕೋಳಿಗೆ ಕಾಳು ಹಾಕಿದ ಕೈಗಳೇ. ಕತ್ತರಿಯಕ್ಕ ಬಾಯಿ ತೆರೆದಳು.

"ಅವರನ್ನ ಬೈಬೇಡ" ಎಂದರು ಅತ್ತೆ. "ನೀನು ಹೇಳಿದ್ದಿದ್ರೆ ಅವರು ಕೊಡ್ತಿರಲಿಲ್ಲ. ನಾನೂ ತಿಂತಿರಲಿಲ್ಲ. ನನ್ನ ಕಾಲು ನನಗೆ ಬೇಡ್ವೇನೇ?"

ಬೆಳಿಗ್ಗೆ ಕೋಳಿ ಬುಟ್ಟಿಯ ಅಂಚಿಗೆ ಎದ್ದು ನಿಂತು, ಹೊಲಿಯಲು ಬಂದಿದ್ದ ಒಂದು ಬಿಳಿ ಅಂಗಿಯ ಮೇಲೆ ಹಿಕ್ಕೆ ಹಾಕಿತು. ಗಂಟು ಇರಲಿಲ್ಲ. ಅವಳು ಅದಕ್ಕೆ ಬಾಯಿ ತುಂಬ ಬೈದು, ಅಂಗಿ ನೆನೆಸಿಟ್ಟು, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಬೆರಳು ಕಪ್ಪಾಗಿತ್ತು. ಬೆರಳು ಹೋಗುತ್ತದೆ, ಇನ್ನಾದರೂ ಪಥ್ಯ ಮಾಡಿದರೆ ಪಾದ ಉಳಿಯಬಹುದು ಎಂದರು. ಸಿಹಿ ತಿಂದ ವಿಷಯ ಅತ್ತೆಯೇ ಒಪ್ಪಿಕೊಂಡಾಗ ಅವರಿಗೆ ರೇಗಿಹೋಯಿತು. "ತಿಂದ್ರೆ ಏನಾಗುತ್ತೆ ಅಂತ ಇವರಿಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಸೊಸೆಯ ಕಡೆ ತಿರುಗಿದರು.

ಸೂಪರ್‌ವೈಸರನ ಅದೇ ಪ್ರಶ್ನೆ, ಅದೇ ಮಾತುಗಳು. ಕುಕ್ಕುವುದಕ್ಕೆ ಕೈಯಲ್ಲಿ ಕತ್ತರಿ ಇರಲಿಲ್ಲ.

"ಯಾಕೆ ಗೀಕೆ ಅಂತ ನಮ್ಮ ಸೊಸೇನ ಕೇಳ್ಬೇಡಿ ಡಾಕ್ಟ್ರೇ!" ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. "ಅವಳಿಗೆ ಆಗಿಬರಲ್ಲ."

"ಅತ್ತೆ, ನೀವು ಸುಮ್ನಿರಿ" ಎಂದಳು ಕತ್ತರಿಯಕ್ಕ. "ಅವರು ಕೇಳಿದ್ದು ಸರಿಯಾಗಿದೆ." ಡಾಕ್ಟರ ಎದುರಿಗೆ ಕುರ್ಚಿ ಎಳೆದು ಕೂತು, ಕಾರಣ ಹೇಳಲು ಶುರುಮಾಡಿದಳು.